ತಲೆಯೆಣಿಕೆ

ಬೆಳಗ್ಗೆ ಎಂಟಕ್ಕೆ, ತೊಲ್ಮಿನ್ ಪೇಟೆಯ ಬೇಕರಿಯೆದುರು
ಮೊದಲ ಎಣಿಕೆ. ಹನ್ನೊಂದು.
ಲುಡ್ವಿಕ್ ಕನ್ನಡಿಯಲ್ಲಿ ತನ್ನ ತಲೆಯನ್ನೂ ಸೇರಿಸಿ
ಹನ್ನೆರಡು ಅನ್ನುತ್ತಾನೆ.
ಎಂಟು ವರ್ಷದಿಂದ ಅದೇ ಹಾಸ್ಯ,
ಎಂಟು ವರ್ಷದಿಂದ ನಾನೂ ನಗುತ್ತೇನೆ,
ಅದೂ ಟಿಕೆಟ್ಟಿನೊಳಗೇ ಸೇರಿದೆ.

ಮೊದಲು ಕೋಬರಿದ್. ದಿಣ್ಣೆಯ ಮೇಲೆ ಸಂತ ಅಂತೋನಿಯ ಗುಡಿ,
ಅದರ ಸೊಂಟಕ್ಕೆ ಮೂರು ಸುತ್ತು ಕಲ್ಲಿನ ಮೂಳೆಮನೆ.
ಏಳು ಸಾವಿರ ಇಟಲಿಯವರು, ಎನ್ನುತ್ತೇನೆ.
ಮಿಲಾನಿನ ಎರ್ಮನ್ನೊ ಟೋಪಿ ತೆಗೆದ,
ಸೆಕೆಗೋ ಗೌರವಕ್ಕೋ ತಿಳಿಯಲಿಲ್ಲ.
"ಕಟ್ಟಿಸಿದವನು ಯಾರೆಂದು ಹೇಳಲಿಲ್ಲವಲ್ಲ?"
ಹೇಳಿದೆ.
ಟೋಪಿ ಮತ್ತೆ ತಲೆಗೇರಿತು.

ಕೆಳಗೆ ಸೋಚಾ ನದಿ. ಈ ನೀರಿನ ಬಣ್ಣಕ್ಕೆ
ಬಂದವರೆಲ್ಲ ಏನೇನೋ ಅಂದಿದ್ದಾರೆ:
ಪಚ್ಚೆ, ಗಾಜು, ನವಿಲಿನ ಕೊರಳು.
ಒಂದು ಮಗು ಟೂತ್‌ಪೇಸ್ಟು ಅಂದಿತ್ತು, ಅದೇ ಸರಿ.
ಆಗ ಕೆಂಪಗೆ ಹರಿಯಿತು ಎನ್ನುವ ಗೈಡುಗಳಿದ್ದಾರೆ.
ನಾನನ್ನುವುದಿಲ್ಲ. ನಮ್ಮ ಮುತ್ತಜ್ಜಿ ಅದೇ ನೀರಲ್ಲಿ ಬಟ್ಟೆ ಒಗೆದವಳು.
ಕೇಳಿದರೆ, ತಣ್ಣಗಿತ್ತು ಅನ್ನುತ್ತಿದ್ದಳಂತೆ.
ಅಷ್ಟೇ.

ಮಧ್ಯಾಹ್ನದ ರಸ್ತೆ
ಎದುರುಬದುರಾದ ಎರಡು ಮೇಕೆಗಳಲ್ಲಿ ಒಂದು ಹಿಂದೆ ಸರಿಯಬೇಕಾದಷ್ಟು.
ಬಸ್ಸು ನಿಲ್ಲುತ್ತದೆ. ಎರಡನೆಯ ಎಣಿಕೆ.
ಮುಂದಕ್ಕೆ ಕಾಲ್ನಡಿಗೆ.
ಬಲಕ್ಕೆ ನೋಡಿ, ಎನ್ನುತ್ತೇನೆ:
ಬೆಟ್ಟಗಳು, ಜೂನಿನಲ್ಲೂ ಕಂಕುಳಲ್ಲಿ ಹಿಮ ಇಟ್ಟುಕೊಂಡವು.
ಎಡಕ್ಕೆ ನೋಡಿ ಎನ್ನುವುದಿಲ್ಲ.
ಎಡಕ್ಕಿರುವುದು ನಮ್ಮ ಹುಲ್ಲುಗಾವಲು.
ತಮ್ಮನ ಉದ್ದಹಿಡಿಯ ಕುಡುಗೋಲು ಆಗಾಗ ಠಣ್ಣೆಂದು ನಿಲ್ಲುತ್ತದೆ,
ಅವನು ಬೈದು, ಕಬ್ಬಿಣದ ಚೂರನ್ನು ಬೇಲಿಯಾಚೆ ಎಸೆದು
ಸಾಣೆಕಲ್ಲು ತೆಗೆಯುತ್ತಾನೆ.

ಯಾವೋರ್ತ್ಸಾ. ಮರದ ಗುಡಿ.
ಯುದ್ಧದ ನಡುವೆಯೇ ಸಿಪಾಯಿಗಳು ಕಟ್ಟಿದ್ದು.
ಒಳಗೆ ಗೋಡೆಗಳು ಪುಸ್ತಕದ ಹಾಳೆಯಂತೆ ಮಗುಚುತ್ತವೆ,
ಮದ್ದುಗುಂಡಿನ ಪೆಟ್ಟಿಗೆಯ ಹಲಗೆ, ಅದರ ಮೇಲೆ
ಕಬ್ಬಿಣ ಕಾಯಿಸಿ ಸುಟ್ಟು ಬರೆದ ಹೆಸರು,
ಎರಡು ಸಾವಿರದ ಐನೂರ ಅರವತ್ತನಾಲ್ಕು.
ಗುಂಡು ಹೊತ್ತು ತಂದ ಹಲಗೆಗೆ
ಗುಂಡು ತಿಂದವರನ್ನು ಹೊರುವ ಕೆಲಸ.
ಇಲ್ಲಿ ಎಲ್ಲರೂ ನಿಟ್ಟುಸಿರಿಡುತ್ತಾರೆ.
ನಾನು ನಾಲ್ಕು ಸೆಕೆಂಡು ಬಿಡುತ್ತೇನೆ.

ಪಿರೋಷ್ಕಾ, ಎಂಬತ್ತಮೂರು, ಹಂಗೇರಿಯ ಸೆಗೆದ್‌ನವಳು,
ನಾಲ್ಕು ಸೆಕೆಂಡಿಗೆ ನಿಲ್ಲಲಿಲ್ಲ.
ಕಾಳು ಆರಿಸುವ ಹಾಗೆ ಬೆರಳಾಡಿಸುತ್ತ
ಹಲಗೆ ಹಲಗೆ ಓದಿದಳು.
ಗಾಷ್ಪಾರ್ ಎಂಬವರು ಮೂವರಿದ್ದರು. ಅವಳ ಅಜ್ಜನಲ್ಲ.
"ಹಿಮ ಜಾರಿ ಹೋದ. ಹಿಮ ಯಾರ ಲೆಕ್ಕ, ತಿಂಕಾರಾ?"
ಪಟ್ಟಿ ಪೂರ್ತಿಯಲ್ಲ ಎಂಬ ಉತ್ತರ ನನ್ನಲ್ಲಿ ಬಾಯಿಪಾಠ.
ಬಾಯಿ ಬರಲಿಲ್ಲ.
ಆಮೇಲೆ ಅವಳು, ಪಕ್ಕದ ಮನೆಯಲ್ಲಿ ಉಪ್ಪು ಕೇಳುವಂತೆ,
"ಪೆನ್ಸಿಲ್ ಇದೆಯಾ?"

ಮುಟ್ಟಬೇಡಿ. ದಿನಾ ಆರು ಭಾಷೆಯಲ್ಲಿ ಹೇಳುವ ಬಾಯಿ ನನ್ನದೇ.
ಉಗುರಲ್ಲಿ ಗೀಚಿದ ಶಾಲೆಯ ಹುಡುಗನೊಬ್ಬನನ್ನು
ಇದೇ ಬಾಗಿಲಲ್ಲಿ ಅಳಿಸಿದ್ದೇನೆ.

ಕೊಟ್ಟೆ.
ಉಳಿದವರನ್ನು ಹೊರಗೆ ಕರೆದೆ: ಬನ್ನಿ, ಬೇಗ ಬನ್ನಿ,
ಮೋಡ ಸರಿಯಿತು, ತುದಿ ಕಾಣುತ್ತಿದೆ!
ಮೋಡ ಸರಿದಿರಲಿಲ್ಲ.
ಒಂಬತ್ತು ಮಂದಿ ಮೋಡದ ಫೋಟೋ ತೆಗೆದರು.
ಎರ್ಮನ್ನೊ ಬೆಟ್ಟದ ಕಡೆ ತಲೆಯೆತ್ತಲಿಲ್ಲ.
ಬಾಗಿಲಿಗೆ ಬೆನ್ನು ಕೊಟ್ಟು,
ಎರಡೂ ಕೈ ಸೊಂಟಕ್ಕಿಟ್ಟು,
ಆದಷ್ಟು ಅಗಲವಾಗಿ ನಿಂತ.

ಕೆಳಗೆ ಪೊಲೋಗಿನ ಹಟ್ಟಿಯಲ್ಲಿ ಚೀಸು, ಕಂದು ಬ್ರೆಡ್ಡು.
ದನಗಳ ಗಂಟೆ. ಮೂರನೆಯ ಎಣಿಕೆ, ಹನ್ನೊಂದು.
ಬಸ್ಸಿನಲ್ಲಿ ಲುಡ್ವಿಕ್ ಹನ್ನೆರಡೆಂದ.
ಮಿಕ್ಕವರಿಗೆ ಸುಸ್ತು. ಪಿರೋಷ್ಕಾ ಒಬ್ಬಳೇ ನಕ್ಕಳು,
ಕೆಮ್ಮು ಬರುವಷ್ಟು.

ಪೆನ್ಸಿಲ್ ಕರವಸ್ತ್ರದಲ್ಲಿ ಸುತ್ತಿ ವಾಪಸು ಬಂತು.
ಮೊನೆ ಸವೆದಿದೆಯೇ?
ಕೊಡುವಾಗ ಹೇಗಿತ್ತೆಂದು ನಾನು ನೋಡಿರಲಿಲ್ಲ.

ನಾಳೆ ಒಂಬತ್ತು ಜನ, ನೆದರ್ಲೆಂಡಿನವರು.
ಹಲಗೆ ಮಗುಚಿ ತೋರಿಸಬೇಕು, ಅಂಕಿ ಹೇಳಬೇಕು,
ಎರಡು ಸಾವಿರದ ಐನೂರ ಅರವತ್ತ
ಅಲ್ಲಿ ನೀರು ಕುಡಿಯಲು ಸ್ವಲ್ಪ ನಿಲ್ಲುತ್ತೇನೆ.