ಕೈಯ ಉದ್ದ ಸಾಲದೆ

ಕಾಡಿನಂಚಲ್ಲಿ ಬಿಳಿ ಫ್ಲಾನೆಲ್ ಬಟ್ಟೆ ಎಳೆಯುವುದು ನನ್ನ ಕೆಲಸ.
ದರಗಿನ ಮೇಲೆ, ಮೆಲ್ಲಗೆ,
ಮಲಗಿದ ಮಗುವಿನ ಹೊದಿಕೆ ಸರಿಸಿದ ಹಾಗೆ.
ಹತ್ತು ಹೆಜ್ಜೆಗೊಮ್ಮೆ ನಿಂತು, ಮಗುಚಿ,
ಅಂಟಿದ ಉಣುಗುಗಳನ್ನು ಚಿಮಟದಲ್ಲಿ ಹೆಕ್ಕಿ
ಸೀಸೆಗೆ ಹಾಕಿ, ಎಣಿಸಿ, ಬರೆಯುವುದು.
ಮಂಗ ಸತ್ತು ಬಿದ್ದ ಜಾಗವಾದರೆ
ಮೈಗೆ ಎರಡು ಸಲ ಎಣ್ಣೆ, ಬೂಟಿನೊಳಗೆ ಪ್ಯಾಂಟು.

ಹದಿನೇಳು ವರ್ಷ.
ಮರಿ ಉಣುಗು ಅಂದರೆ ಎಳ್ಳಿಗಿಂತ ಸಣ್ಣದು,
ಗಸಗಸೆಗೆ ಕಾಲು ಬಂದ ಹಾಗೆ.
ನಿಂತ ನಿಲುವಿನಲ್ಲೇ ಕಾಣುತ್ತಿದ್ದೆ.
"ವಿಶಾಲಕ್ಕಂದು ಕಣ್ಣಲ್ಲ, ಸೂಜಿ" ಅನ್ನುತ್ತಿದ್ದ
ಜೀಪಿನ ಹಾಲೇಶ.

ಈ ವರ್ಷ ಜನವರಿಯಲ್ಲಿ ಅರವತ್ತೊಂದು.
ಫೆಬ್ರವರಿಯಲ್ಲಿ ಮೂವತ್ತೆಂಟು.
ಮಾರ್ಚಿನಲ್ಲಿ ಹತ್ತೊಂಬತ್ತು.
ತೀರ್ಥಹಳ್ಳಿಯ ಮೀಟಿಂಗಿನಲ್ಲಿ ಸಾಹೇಬರು ಗೋಡೆಯ ಮೇಲೆ ತೋರಿಸಿದರು
ಇಳಿಯುವ ಗೆರೆ, ಜಾರುಬಂಡೆಯಂಥದ್ದು.
ಒಳ್ಳೆಯ ಕೆಲಸ, ಎಂದರು. ಚಹಾ ಬಂತು. ಚಪ್ಪಾಳೆಯೂ.
ನಾನೂ ತಟ್ಟಿದೆ.

ಸೂಚನೆ ಇರಲಿಲ್ಲವೆಂದಲ್ಲ.
ದಾರ ಪೋಣಿಸಲು ಪಕ್ಕದ ಮನೆಯ ಹುಡುಗಿ ಬರಬೇಕಿತ್ತು.
ಮಾತ್ರೆ ಹಾಳೆಯ ತಾರೀಕಿಗೆ ಕೈ ಚಾಚಿ, ಇನ್ನೂ ಚಾಚಿ,
ಕೊನೆಗೆ ಕೈಯೇ ಮುಗಿದುಹೋಯಿತು.
ಬಲ್ಬಿನ ತಪ್ಪೆಂದು ಬಲ್ಬು ಬದಲಿಸಿದೆ.
ಕಂಪನಿಯವರು ಅಕ್ಷರ ಸಣ್ಣ ಮಾಡಿದ್ದಾರೆ, ಎಂದೆ.
ದೂರಕ್ಕೆ ಕುಂದೇ ಇರಲಿಲ್ಲವಲ್ಲ:
ಆಚೆ ಗುಡ್ಡದ ಮರದಲ್ಲಿ ಮುಸುವ ಕೂತರೆ
ಬಾಲದ ಬಾಗು ಹೇಳುತ್ತಿದ್ದೆ.
ಮುಸುವ ಕಾಣುತ್ತಿತ್ತು. ಅದನ್ನು ಕೊಲ್ಲುವುದು ಕಾಣುತ್ತಿರಲಿಲ್ಲ.

ಗೊತ್ತಾದದ್ದು ಬಚ್ಚಲಲ್ಲಿ.
ಮುಂಗೈಯೊಳಗೆ ಒಂದು ಮಚ್ಚೆ, ಯಾವಾಗಿನದೋ ಎಂದುಕೊಂಡೆ.
ಮಚ್ಚೆ ನಡೆಯಿತು.

ಶಿವಮೊಗ್ಗ, ದುರ್ಗಿಗುಡಿ, ರಜಾಕ್ ಸಾಹೇಬರ ಅಂಗಡಿ.
ಪರೀಕ್ಷೆ ಮಾಡಿದವಳು ಅವರ ಸೊಸೆ.
"ವಯಸ್ಸೆಷ್ಟು?" "ನಲವತ್ತಾರು."
"ಹಾಗಾದರೆ ಆರು ವರ್ಷ ತಡ.
ಚಾಳೀಸು ಅಂದರೇ ನಲವತ್ತಲ್ಲವಾ ಮೇಡಂ,
ವಯಸ್ಸನ್ನೇ ಕನ್ನಡಕಕ್ಕೆ ಹೆಸರಿಟ್ಟಿದ್ದಾರೆ ಹಿಂದಿನವರು.
ಕಾಯಿಲೆಯಲ್ಲ. ಕಣ್ಣಿನೊಳಗಿನ ಮಸೂರ ಬಿರುಸಾಗುತ್ತೆ,
ಹಳೇ ರಬ್ಬರಿನ ಹಾಗೆ. ಹತ್ತಿರದ್ದಕ್ಕೆ ಬಗ್ಗಲ್ಲ."

ಎರಡು ಹೋಳಿನ ಗಾಜು ಹಾಕಿ ಅಂಗಡಿಯಲ್ಲೇ ನಡೆಸಿದಳು,
ಮೇಲೆ ದೂರ, ಕೆಳಗೆ ಹತ್ತಿರ.
ಮೆಟ್ಟಿಲಿಳಿಯುವಾಗ ನೆಲ ಎದ್ದು ಮುಖಕ್ಕೆ ಬಂತು.
ಇಳಿಜಾರಲ್ಲಿ ಬಟ್ಟೆ ಎಳೆಯುವವಳಿಗೆ ಇದಾಗದು.
ಗೆರೆಯೇ ಇಲ್ಲದ್ದೂ ಇದೆಯಂತೆ, ಪ್ರೋಗ್ರೆಸಿವ್;
ಬೆಲೆ ಕೇಳಿ ಇದ್ದ ಕಣ್ಣೂ ಮಂಜಾಯಿತು.
ಕೊನೆಗೆ ಬರೀ ಓದುವ ಗಾಜು, ಪ್ಲಸ್ ಒಂದೂಮುಕ್ಕಾಲು,
ಕೊರಳಿಗೆ ಕಪ್ಪು ದಾರ.
"ಎರಡನೇ ತಾಳಿ" ಎಂದ ಹಾಲೇಶ.

ಏಪ್ರಿಲ್. ಅದೇ ಜಾಗ, ಅದೇ ಬಟ್ಟೆ.
ಮೊಣಕಾಲೂರಿ ಕನ್ನಡಕ ಏರಿಸಿದೆ.
ನೂಲು ನೂಲೂ ಎದ್ದು ಬಂತು. ನೂಲಿನ ಮೇಲೆ
ಕಾಲು, ಕಾಲು, ಕಾಲು.
ಎಂಬತ್ತನಾಲ್ಕು.

ಮೊದಲು ಖುಷಿಯಾಯಿತು, ಸುಳ್ಳೇಕೆ.
ಆಮೇಲೆ ಹೊಟ್ಟೆಯೊಳಗೆ ತಣ್ಣಗಾಯಿತು.
ಮಾರ್ಚಿನಲ್ಲಿ ದರಗು ಗುಡಿಸಲು ಹೊರಟ ಹೆಂಗಸರಿಗೆ
"ಈ ಸಲ ಕಮ್ಮಿ, ಹೋಗಿ ಬನ್ನಿ" ಎಂದವಳು ನಾನೇ.
ಅವರಲ್ಲಿ ಸಣ್ಣತಿಮ್ಮಿಗೆ ಜ್ವರ ಬಂದು ಬಿಟ್ಟಿತ್ತು.
ಬರೀ ಜ್ವರ, ಎಂದಿತ್ತು ಲ್ಯಾಬಿನ ಕಾಗದ.
ಆ ಕಾಗದವನ್ನು ಹುಡುಕಿ ತೆಗೆದು
ಎರಡು ಸಲ ಓದಿದೆ, ಚಾಳೀಸು ಹಾಕಿ.

"ಎಲೆ ಒಣಗಿದೆ, ಅದಕ್ಕೇ ಜಾಸ್ತಿ ಅಂತ ಬರೀರಿ,
ಯಾರು ಕೇಳ್ತಾರೆ" ಎಂದ ಹಾಲೇಶ.
ಷರಾದ ಕಾಲಮ್ಮು ಕಿರುಬೆರಳಷ್ಟು.
ಬರೆದೆ: ಉಣುಗು ಹೆಚ್ಚಿಲ್ಲ.
ಹಿಂದಿನ ಎರಡು ತಿಂಗಳ ಲೆಕ್ಕ
ನನ್ನ ಕಣ್ಣಿನದು, ಕಾಡಿನದಲ್ಲ.
ಕೆಳಗೆ ಸಹಿ, ವಿಶಾಲಾಕ್ಷಿ.
ಹೆಸರು ನೋಡಿ ನನಗೇ ನಗು ಬಂತು.

ಸಾಹೇಬರಿಂದ ಇನ್ನೂ ಉತ್ತರವಿಲ್ಲ.
ಕಾಗದವನ್ನು ಅವರೂ ದೂರ ಹಿಡಿಯುತ್ತಾರೆ,
ನೋಡಿದ್ದೇನೆ.