ಎಣ್ಣೆಯ ಒತ್ತು

ಅರಸೀಕೆರೆ, ಸ್ಟೇಷನ್ ರಸ್ತೆ, ಗಾಣದ ಮೇಲಿನ ಕೋಣೆ.
ಮರುಳಪ್ಪನವರ ವೆಬ್‌ಸೈಟು ತೆರೆದಿದೆ:
ಮುಖಪುಟದಲ್ಲಿ ಮದುವೆ ಕರೆಯೋಲೆಯ ಅಕ್ಷರ,
ಬೆಲೆಪಟ್ಟಿಗೆ ತಾಲ್ಲೂಕು ಕಚೇರಿಯದು,
‘ಈಗಲೇ ಕೊಳ್ಳಿ’ ಇನ್ನೆಲ್ಲಿಯದೋ, ಕುಣಿಯುತ್ತಿದೆ.

“ಎಲ್ಲ ಚೆನ್ನಾಗೇ ಇದಾವಲ್ಲಮ್ಮ?”

ಚೆನ್ನಾಗಿವೆ. ಆದರೆ
ಒಬ್ಬನೇ ಗಿರಾಕಿ ಗಳಿಗೆಗೊಂದು ದನಿ ತೆಗೆದರೆ
ಉದ್ರಿ ಕೊಡ್ತೀರಾ?

ನಕ್ಕರು. ಅಟ್ಟದಿಂದ ಹಳೇ ಡಬ್ಬ ಇಳಿಸಿದರು,
ಖಲೀಲ್ ಸಾಬರು ಕುಂಚದಲ್ಲಿ ಬರೆದದ್ದು.
‘ಎಣ್ಣೆ’ಯ ಒತ್ತು
ಈಗಷ್ಟೇ ತೊಟ್ಟಿಕ್ಕಲಿರುವ ಹನಿ.
ತೆರೆಯ ಮೇಲೆ ಅದೇ ಒತ್ತು
ಕೆಳಸಾಲಿನ ತಲೆಗೆ ಬಡಿದು ನಜ್ಜಾಗಿತ್ತು.

ಸಂಜೆವರೆಗೆ ಹುಡುಕಿದೆ,
ಆ ಹನಿಯನ್ನು ಹೊರಬಲ್ಲ ಒಂದು ಫಾಂಟು.
ತಲೆಬರಹಕ್ಕೆ ಅದರದೇ ದಪ್ಪ, ಉಳಿದದ್ದಕ್ಕೆಲ್ಲ ತೆಳು,
ರಸೀದಿಗೂ ಅದೇ.
ಸಾಲುಗಳ ನಡುವೆ ಹನಿ ತೂಗುವಷ್ಟು ಜಾಗ ಬಿಟ್ಟೆ.

ಫೋನ್ ನಂಬರು ಮಾತ್ರ ಕೆಂಪಗಿರಲಿ ಅಂದರು.
ಇರಲಿ.