ಹತ್ತುವ ಚುಕ್ಕೆ

ವಾಲ್ಪರೈಸೊ, ರಾತ್ರಿ ಎರಡೂ ಹತ್ತು.
ಗುಡ್ಡದ ನೆತ್ತಿಗೆ ಬೆಂಕಿ.
ನನ್ನ ಪರದೆಯ ಮೇಲೆ ಅದು ಬರೀ ಕಿತ್ತಳೆ ಕಲೆ;
ಉಪಗ್ರಹ ಕಂಡು ಹೇಳುವಷ್ಟರಲ್ಲಿ
ಗಾಳಿ ಅದನ್ನು ಇನ್ನೊಂದು ಬೀದಿಗೆ ದಾಟಿಸಿರುತ್ತದೆ.

ಫೋನುಗಳೆಲ್ಲ ಚುಕ್ಕೆಗಳಾಗಿ
ಇಳಿಯುತ್ತಿವೆ ಕಡಲಿನತ್ತ,
ಚೆಲ್ಲಿದ ಸಾಸಿವೆಯ ಹಾಗೆ.
ಒಂದು ಮಾತ್ರ ಹತ್ತುತ್ತಿದೆ.

ಯಾರಪ್ಪಾ ನೀನು?
ನಾಯಿಯ ಸರಪಳಿ ಬಿಚ್ಚಲಿಕ್ಕೊ,
ಕಿವಿ ಕೇಳದ ಅತ್ತೆಯನ್ನು ಎಬ್ಬಿಸಲಿಕ್ಕೊ?
ಪರದೆ ಅದನ್ನೆಲ್ಲ ಹೇಳುವುದಿಲ್ಲ.

"ಅಲ್ಲಿಗೆ ದಾರಿಯಿಲ್ಲ, ಯಾಸ್ನಾ," ಅಂದ ಪಕ್ಕದ ಕುರ್ಚಿಯ ಎಲಿಸಿಯೊ.
ಇದೆ.
ನಕ್ಷೆಗೆ ಗೊತ್ತಿಲ್ಲದ ಮೆಟ್ಟಿಲು, ನೂರ ಹನ್ನೆರಡು.
ಬ್ರೆಡ್ಡಿನ ಚೀಲ ಹೊತ್ತು ಎಣಿಸಿದ್ದೇನೆ ಚಿಕ್ಕಂದಿನಲ್ಲಿ.

ಬೆರಳಿಂದ ಗೆರೆ ಎಳೆದೆ,
ಎಂಟನೇ ವಾಹನಕ್ಕೆ ಕಳಿಸಿದೆ:
ನೀಲಿ ಗೋಡೆಯ ಹತ್ತಿರ ನಿಲ್ಲಿಸಿ, ಅಲ್ಲಿಂದ ನಡೆಯಿರಿ.

ಚುಕ್ಕೆ ನಿಂತಿತು.
ಆಮೇಲೆ, ತೀರ ನಿಧಾನ,
ಇಬ್ಬರು ಇಳಿಯುವ ಹಾಗೆ
ಇಳಿಯತೊಡಗಿತು.